ಕೈಟ್‌ಸರ್ಫಿಂಗ್ ಚಿತ್ರೀಕರಣಕ್ಕೆ ಮನೆಯಲ್ಲೇ ಮಾಡುವ ಮೌಂಟ್: ತಲೆಗೋ, ಬಾಯಿಗೋ, ಬೆನ್ನಿಗೋ, ದಾರಕ್ಕೋ?

ಕೈಟ್‌ಸರ್ಫಿಂಗ್ (ಕೈಟ್ ಎಂಬ ದೊಡ್ಡ ಗಾಳಿಪಟದ ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಮಾಡುವವರಿಗೆ ತಮ್ಮ ಸವಾರಿಯನ್ನು ತಾವೇ ಚಿತ್ರೀಕರಿಸಿಕೊಳ್ಳುವುದು ಸುಲಭವಲ್ಲ. ದಡದಲ್ಲಿ ನಿಂತ ಸ್ನೇಹಿತರ ಕೈಗೆ ಫೋನ್ ಕೊಟ್ಟರೆ ಒಂದೇ ನಿಮಿಷದಲ್ಲಿ ನೀವು ನೀರಿನ ಮೇಲಿನ ಚುಕ್ಕೆಯಾಗಿರುತ್ತೀರಿ. ಎರಡೂ ಕೈ ಬಾರ್ (ಕೈಟ್ ನಡೆಸುವ ಹಿಡಿಕೋಲು) ಮೇಲಿರುವುದರಿಂದ ಕೋಲು ಹಿಡಿಯುವ ಮಾತೇ ಇಲ್ಲ. ಹಾಗಾಗಿ ಕ್ಯಾಮೆರಾವನ್ನು ಮೈಮೇಲೆಯೇ ಎಲ್ಲಾದರೂ ಕಟ್ಟಿಕೊಳ್ಳಬೇಕು. ಅಂಗಡಿಯಲ್ಲಿ ಸಿಗುವ ಪಟ್ಟಿಗಳಲ್ಲಿ ಹೆಚ್ಚಿನವು ಸೈಕಲ್, ಬೈಕ್, ಚಾರಣಕ್ಕೆಂದು ಮಾಡಿದವು. ಗಾಳಿಪಟದ ದಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು ಕಡಿಮೆ, ಬೆಲೆಯೂ ಜಾಸ್ತಿ. ಆದ್ದರಿಂದ ಪೈಪು, ಪ್ಲಾಸ್ಟಿಕ್ ಮಣೆ, ನಾಲ್ಕು ಬೋಲ್ಟ್ ತಂದು ಮನೆಯಲ್ಲೇ ಮಾಡಿಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಹಾಗೆ ನೋಡಿದರೆ ಗೋಪ್ರೊ ಕ್ಯಾಮೆರಾ ಕಂಪನಿ ಹುಟ್ಟಿದ್ದೇ ಇಂಥದ್ದೊಂದು ಪ್ರಯತ್ನದಿಂದ. ಆಸ್ಟ್ರೇಲಿಯಾ, ಇಂಡೋನೇಷ್ಯಾಗಳಿಗೆ ಸರ್ಫಿಂಗ್‌ಗೆಂದು ಹೋಗಿದ್ದ ನಿಕ್ ವುಡ್‌ಮನ್ ಮಣಿಕಟ್ಟಿಗೆ ಕ್ಯಾಮೆರಾ ಕಟ್ಟಿಕೊಳ್ಳುವ ಪಟ್ಟಿಯ ಹಿಂದೆ ಬಿದ್ದು 2002ರಲ್ಲಿ ಕಂಪನಿ ಶುರುಮಾಡಿದರು. 2004ರಲ್ಲಿ ಬಂದ ಮೊದಲ ‘ಹೀರೊ’ ಮಣಿಕಟ್ಟಿಗೆ ಕಟ್ಟುವ 35 ಮಿ.ಮೀ. ಫಿಲ್ಮ್ ಕ್ಯಾಮೆರಾ.

ಮೌಂಟ್ (ಕ್ಯಾಮೆರಾ ಹಿಡಿದಿಡುವ ಸಾಧನ) ಆರಿಸುವಾಗ ಬಹಳ ಜನ ಮೊದಲು ನೋಡುವುದು ದೃಶ್ಯ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದನ್ನು. ನಾನು ಅದನ್ನು ಮೂರನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳುತ್ತೇನೆ. ಇದಕ್ಕೆ ದಾರ ಸಿಕ್ಕಿಕೊಳ್ಳುತ್ತದೆಯೇ ಎಂಬುದು ಮೊದಲನೆಯದು. ಸಿಕ್ಕಿಕೊಂಡರೆ ಎಷ್ಟು ಎಳೆತಕ್ಕೆ ಇದು ಮೈಯಿಂದ ಕಳಚಿಕೊಳ್ಳುತ್ತದೆ ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರವಿಲ್ಲದ ಮೌಂಟ್ ಎಷ್ಟೇ ಒಳ್ಳೆಯ ದೃಶ್ಯ ಕೊಟ್ಟರೂ ನನಗೆ ಬೇಡ.

ಮೊದಲು ದಾರದ ಮಾತು

ಕೈಟ್‌ನಿಂದ ಬಾರ್‌ಗೆ ನಾಲ್ಕು ದಾರ, ಕೆಲವದರಲ್ಲಿ ಐದು. ಉದ್ದ ಸಾಮಾನ್ಯವಾಗಿ 20ರಿಂದ 24 ಮೀಟರ್. ಡೈನೀಮಾದಂಥ ನೂಲಿನ ಹುರಿ. ದಪ್ಪ ಎರಡು ಮಿಲಿಮೀಟರ್ ಆಸುಪಾಸು, ಆದರೆ ಒಂದೊಂದೂ ನೂರಾರು ಕಿಲೋ ಭಾರ ತಡೆಯುತ್ತದೆ, ಹಿಗ್ಗುವುದು ತೀರಾ ಕಡಿಮೆ. ಬಿಗಿಯಾಗಿದ್ದಾಗ ದಾರಗಳೆಲ್ಲ ನಿಮ್ಮ ಮುಂದೆ ಮತ್ತು ಮೇಲೆ ಇರುತ್ತವೆ. ತಲೆಗಾಗಲಿ ಬೆನ್ನಿಗಾಗಲಿ ತಾಗುವ ಸಂಭವವೇ ಇಲ್ಲ. ತೊಂದರೆ ಬರುವುದು ಅವು ಸಡಿಲಾದಾಗ.

ರಾಮೇಶ್ವರದ ಕಡೆ ಸೊಂಟದ ಮಟ್ಟದ ನೀರಿನಲ್ಲಿ ಹೋಗುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಗಾಳಿ ಒಂದು ಕ್ಷಣ ಕೈಕೊಟ್ಟಿತು, ಕೈಟ್ ನಿಮ್ಮನ್ನು ದಾಟಿ ಮುಂದೆ ಹೋಗಿ ಉದುರಿತು. ನೀರಿನ ಮೇಲೆಲ್ಲ ದಾರ ಶಾವಿಗೆಯಂತೆ ಬಿದ್ದಿದೆ. ನೀವು ಮುಳುಗಿ ಎದ್ದಾಗ ಒಂದು ಎಳೆ ಹೆಗಲ ಮೇಲೆ, ಇನ್ನೊಂದು ತಲೆಯ ಹಿಂದೆ. ಬರಿಯ ಹೆಲ್ಮೆಟ್ ಆಗಿದ್ದರೆ ತಲೆ ಬಗ್ಗಿಸಿದ ಕೂಡಲೇ ಜಾರಿಹೋಗುತ್ತದೆ. ಅಲ್ಲೊಂದು ಕ್ಯಾಮೆರಾ ನಿಂತಿದ್ದರೆ ಅದರ ಬುಡಕ್ಕೆ ಒಂದು ಸುತ್ತು ಬಿದ್ದಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಗಾಳಿ ಮರಳಿ ಬಂದು ಕೈಟ್ ಮೇಲೆದ್ದರೆ ಆ ದಾರ ಎಳೆಯುವುದು ಕೈಟ್‌ನ ಎಳೆತ ಹೊರುವ ಸೊಂಟದ ಪಟ್ಟಿಯಾದ ಹಾರ್ನೆಸ್ಸನ್ನಲ್ಲ, ಕುತ್ತಿಗೆಯನ್ನು. ಆಗ ಕ್ವಿಕ್ ರಿಲೀಸ್ (ತುರ್ತಿನಲ್ಲಿ ಕೈಟ್ ಕಳಚುವ ಹಿಡಿ) ಎಳೆದರೂ ಕಳಚುವುದು ಹಾರ್ನೆಸ್ಸಿನ ಕೊಕ್ಕೆಯ ಕಡೆ ಮಾತ್ರ. ಕ್ಯಾಮೆರಾಕ್ಕೆ ಸುತ್ತಿಕೊಂಡ ಎಳೆಗೆ ಅದರಿಂದ ಏನೂ ಆಗುವುದಿಲ್ಲ.

ಆದ್ದರಿಂದ ಮೈಮೇಲಿನ ಪ್ರತಿ ಮೌಂಟ್‌ನಲ್ಲೂ ಬೇಕೆಂದೇ ದುರ್ಬಲವಾಗಿಟ್ಟ ಒಂದು ಜಾಗ ಇರಲೇಬೇಕು. ಮನೆಯಲ್ಲಿ ಮಾಡುವವರಿಗೆ ಇದಕ್ಕೆ ಅತಿ ಸುಲಭದ ಸಾಧನ ಜಿಪ್ ಟೈ. 2.5 ಮಿ.ಮೀ. ಅಗಲದ ನೈಲಾನ್ ಟೈ ಸುಮಾರು 8 ಕಿಲೋ ಎಳೆತಕ್ಕೆ, 3.6 ಮಿ.ಮೀ.ನದು ಸುಮಾರು 18 ಕಿಲೋಗೆ, 4.8 ಮಿ.ಮೀ.ನದು ಸುಮಾರು 22 ಕಿಲೋಗೆ ಬಿಟ್ಟುಕೊಡುತ್ತದೆ. ಕ್ಯಾಮೆರಾ ಕೂರುವ ತಟ್ಟೆಯನ್ನು ಬುಡದ ತಟ್ಟೆಗೆ ಬೋಲ್ಟ್ ಹಾಕಿ ಬಿಗಿಯುವ ಬದಲು ಸಣ್ಣ ಟೈಗಳಿಂದ ಕಟ್ಟಿದರೆ, ಎಷ್ಟಕ್ಕೆ ಕಳಚಬೇಕೆಂದು ನೀವೇ ನಿರ್ಧರಿಸಿದ ಹಾಗಾಯಿತು. ಆಮೇಲೆ ಸೂಟ್‌ಕೇಸ್ ತೂಗುವ ಕೈತಕ್ಕಡಿಯ ಕೊಕ್ಕೆಯನ್ನು ಮೌಂಟ್‌ಗೆ ಸಿಕ್ಕಿಸಿ ಹಿಂದಕ್ಕೆ, ಪಕ್ಕಕ್ಕೆ, ಮೇಲಕ್ಕೆ ಎಳೆದು ನೋಡಿ. ಮೂರೂ ದಿಕ್ಕಿನಲ್ಲಿ 8ರಿಂದ 12 ಕಿಲೋ ಒಳಗೆ ಬಿಟ್ಟುಕೊಳ್ಳಬೇಕು. ಒಂದು ದಿಕ್ಕಿನಲ್ಲಿ ಬಿಟ್ಟು ಇನ್ನೊಂದರಲ್ಲಿ ಬಿಡದಿದ್ದರೆ ಟೈ ಕಟ್ಟಿದ ಜಾಗ ಬದಲಿಸಬೇಕು.

ನೀರಿನ ಹೊಡೆತ ಎಷ್ಟು?

ಸಮುದ್ರದ ನೀರು ಗಾಳಿಗಿಂತ ಎಂಟುನೂರು ಪಟ್ಟಿಗೂ ಹೆಚ್ಚು ಸಾಂದ್ರ. ಗಾಳಿಯಲ್ಲಿ ಹಾರುವಾಗ ಕ್ಯಾಮೆರಾ ಇದೆ ಎಂಬುದೇ ಗೊತ್ತಾಗದಿದ್ದರೂ ಬಿದ್ದ ಕ್ಷಣದಲ್ಲಿ ಅದರ ಗಾತ್ರ ಗೊತ್ತಾಗುತ್ತದೆ. ಹೀರೊ 12 ಬ್ಲ್ಯಾಕ್ ಕ್ಯಾಮೆರಾದ ಮುಖ ಸುಮಾರು 72×51 ಮಿ.ಮೀ., ತೂಕ 154 ಗ್ರಾಂ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದು ನೀರಿಗೆ ಮುಖ ಕೊಟ್ಟು ಬಿದ್ದರೆ ಅದರ ಮೇಲೆ ಬೀಳುವ ಎಳೆತ ಲೆಕ್ಕಕ್ಕೆ ಸುಮಾರು 14 ಕಿಲೋ ಬರುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು. ಕ್ಯಾಮೆರಾ ತಲೆಯ ಮೇಲೆ, ಕುತ್ತಿಗೆಯ ಬುಡದಿಂದ 25 ಸೆಂ.ಮೀ. ಎತ್ತರದಲ್ಲಿದ್ದರೆ, ಒಂದು ಮೀಟರ್ ಕೋಲಿನ ತುದಿಗೆ ಮೂರೂವರೆ ಕಿಲೋ ತೂಗುಹಾಕಿದಷ್ಟು ತಿರುಚು ಕುತ್ತಿಗೆಗೆ ಬೀಳುತ್ತದೆ. ಬಲವಾದ ಆಳಿಗೆ ಒಮ್ಮೆ ಸಹಿಸಬಲ್ಲ ಹೊಡೆತ. ದಿನಕ್ಕೆ ಹತ್ತಾರು ಸಲ ಬೀಳುವ ಕಲಿಕೆಯವರಿಗೆ ಹಾಗಲ್ಲ.

ಇದೇ ಲೆಕ್ಕದಲ್ಲಿ ಚಿಕ್ಕ ಕ್ಯಾಮೆರಾ ಎಷ್ಟು ಗೆಲ್ಲುತ್ತದೆ ನೋಡಿ. ಇನ್‌ಸ್ಟಾ360 ಗೋ 3ರ ತೂಕ 35 ಗ್ರಾಂ, ಮುಖ ಸುಮಾರು 54×26 ಮಿ.ಮೀ. ಅದೇ ವೇಗಕ್ಕೆ ಎಳೆತ ಐದೂವರೆ ಕಿಲೋ. ಅದರ ಹಿಡಿತ ಆಯಸ್ಕಾಂತದ್ದಾದ್ದರಿಂದ ಬಲವಾಗಿ ಎಳೆದರೆ ತಾನೇ ಕಳಚಿಕೊಳ್ಳುವ ಗುಣವೂ ಇದೆ. ಚಿತ್ರದ ಗುಣಮಟ್ಟದಲ್ಲಿ ದೊಡ್ಡದಕ್ಕೆ ಸಮವಲ್ಲ, ನೀರಿನ ತಡೆ 5 ಮೀಟರ್ ಆಳದವರೆಗೆ ಮಾತ್ರ. ಆದರೂ ತಲೆಗೆ ಕಟ್ಟುವುದೇ ಆದರೆ ಇಂಥ ಚಿಕ್ಕದನ್ನೇ ಕಟ್ಟಿ ಎನ್ನುತ್ತೇನೆ.

ಹೆಲ್ಮೆಟ್

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಕಣ್ಣು ಹೋದಲ್ಲಿ ಚಿತ್ರ ಹೋಗುತ್ತದೆ, ಜಿಗಿದಾಗ ಕೆಳಗಿನ ನೀರು, ಮೇಲಿನ ಕೈಟ್ ಎಲ್ಲವೂ ಸಿಗುತ್ತದೆ, ಮಾಡುವುದೂ ಸುಲಭ. ಇಷ್ಟಿದ್ದರೂ ನನ್ನ ಪಟ್ಟಿಯಲ್ಲಿ ಇದು ಮೊದಲಲ್ಲ. ಕಾರಣ ಮೇಲೆ ಹೇಳಿದ ದಾರ ಮತ್ತು ಕುತ್ತಿಗೆ.

ಮಾಡುವವರಿಗೆ ಕೆಲವು ಮಾತು. ಹೆಲ್ಮೆಟ್‌ಗೆ ತೂತು ಕೊರೆಯಲೇಬೇಡಿ. ಕೊರೆದ ಚಿಪ್ಪು ಹೊಡೆತಕ್ಕೆ ಅಲ್ಲಿಂದಲೇ ಬಿರಿಯುತ್ತದೆ. ಥಿನ್ನರ್, ಅಸಿಟೋನ್ ಹಾಕಿ ಒರೆಸುವುದೂ ಬೇಡ; ಎಬಿಎಸ್, ಪಾಲಿಕಾರ್ಬೊನೇಟ್ ಚಿಪ್ಪುಗಳು ಅದಕ್ಕೆ ಹಾಳಾಗುತ್ತವೆ. ನೀರಾಟದ ಹೆಲ್ಮೆಟ್‌ಗಳಲ್ಲಿ (ಇಎನ್ 1385 ಗುರುತಿನವು) ನೀರು ಹರಿದುಹೋಗಲು ಕಿಂಡಿಗಳಿರುತ್ತವೆ. ಅವುಗಳಲ್ಲಿ 20 ಮಿ.ಮೀ. ಪಟ್ಟಿ ತೂರಿಸಿ ಬುಡದ ತಟ್ಟೆ ಕಟ್ಟುವುದು ಅಂಟಿಗಿಂತ ವಾಸಿ. ಅಂಟೇ ಬೇಕೆಂದರೆ 3ಎಂ ವಿಎಚ್‌ಬಿ ಟೇಪ್. ಅದು ಪೂರ್ತಿ ಹಿಡಿಯಲು 72 ಗಂಟೆ ಬೇಕು, 24 ಗಂಟೆಗೆ ಹತ್ತರಲ್ಲಿ ಒಂಬತ್ತು ಪಾಲು ಹಿಡಿದಿರುತ್ತದೆ. ರಾತ್ರಿ ಅಂಟಿಸಿ ಬೆಳಿಗ್ಗೆ ಸಮುದ್ರಕ್ಕಿಳಿಯುವ ಲೆಕ್ಕ ಸರಿಬರುವುದಿಲ್ಲ.

ಕ್ಯಾಮೆರಾ ಚಿಪ್ಪಿನಿಂದ ನಾಲ್ಕು ಸೆಂ.ಮೀ.ಗಿಂತ ಮೇಲೆ ಏಳದಂತೆ, ಹಣೆಯ ನಡುವಿನಲ್ಲಿ ಕೂರಿಸಿ. ಪಕ್ಕಕ್ಕೆ ಕೂರಿಸಿದರೆ ಬಿದ್ದಾಗ ತಲೆ ಒಂದೇ ಕಡೆ ತಿರುಚಿಕೊಳ್ಳುತ್ತದೆ. ಕ್ಯಾಮೆರಾ ಕಳಚಿದ ಮೇಲೆ ಕಳೆದುಹೋಗದಿರಲೆಂದು ಹೆಲ್ಮೆಟ್‌ಗೆ ದಾರ ಕಟ್ಟುವ ಅಭ್ಯಾಸ ಹಲವರಿಗಿದೆ. ಆ ದಾರ ಗಟ್ಟಿಯಿದ್ದರೆ ದುರ್ಬಲ ಜಾಗ ಇಟ್ಟ ಉದ್ದೇಶವೇ ಹಾಳು. ಅದರ ಬದಲು ತೇಲುವಂತೆ ಮಾಡಿ. ಹೀರೊ 12 ತನ್ನ ಗಾತ್ರದಿಂದ ಸರಿಸುವ ಉಪ್ಪುನೀರು ಸುಮಾರು 125 ಗ್ರಾಂ, ತೂಕ 154 ಗ್ರಾಂ. ಅಂದರೆ ಮುಳುಗಿಸುವ ಭಾರ 30 ಗ್ರಾಂ ಅಷ್ಟೆ. ಮೂಲೆಗಳು ದುಂಡಗಿರುವುದರಿಂದ ತುಸು ಜಾಸ್ತಿ. ತಟ್ಟೆ, ಬೋಲ್ಟ್ ಸೇರಿಸಿದರೂ ಒಂದು ಬೆಂಕಿಪೊಟ್ಟಣದ ನಾಲ್ಕೈದು ಪಟ್ಟು ಗಾತ್ರದ, 100 ಘನ ಸೆಂ.ಮೀ.ನಷ್ಟು ಇವಿಎ ಫೋಮ್ ಸಾಕು. ಕಿತ್ತಳೆ ಬಣ್ಣದ್ದಾದರೆ ಹುಡುಕಲು ಸುಲಭ. ಮನೆಯ ಬಕೆಟ್ ನೀರಿನಲ್ಲಿ ತೇಲಿದರೆ ಸಮುದ್ರದಲ್ಲಿ ಖಂಡಿತ ತೇಲುತ್ತದೆ, ಉಪ್ಪುನೀರು ಇನ್ನೂ ಎತ್ತಿಹಿಡಿಯುತ್ತದೆ.

360 ಡಿಗ್ರಿ ಕ್ಯಾಮೆರಾ ಇದ್ದರೆ ಹೆಲ್ಮೆಟ್‌ಗೆ ಬೇರೆಯೇ ಒಂದು ಸಾಧ್ಯತೆ ಇದೆ. ಎರಡು ಮಸೂರಗಳ ನಡುವಿನ ಗೆರೆಯಲ್ಲೇ ಕೋಲು ನಿಂತಿದ್ದರೆ, ಕೋಲು ಕ್ಯಾಮೆರಾಗಿಂತ ತೆಳ್ಳಗಿದ್ದರೆ, ಎರಡು ಚಿತ್ರ ಹೊಲಿಯುವಾಗ ಕೋಲು ಮಾಯವಾಗುತ್ತದೆ. 20 ಸೆಂ.ಮೀ. ಕೋಲಿನಿಂದಲೇ ಯಾರೋ ಮೇಲಿಂದ ಹಿಂಬಾಲಿಸಿದಂಥ ದೃಶ್ಯ. ಆದರೆ ಇನ್‌ಸ್ಟಾ360 ಎಕ್ಸ್3 180 ಗ್ರಾಂ, ಎಕ್ಸ್4 203 ಗ್ರಾಂ. ಕೋಲಿನ ತುದಿಯಲ್ಲಿ ಅಷ್ಟು ತೂಕ ಹೊತ್ತು ಎರಡು ಗಂಟೆ ತಲೆ ತಿರುಗಿಸಿದರೆ ಸಂಜೆಗೆ ಕುತ್ತಿಗೆ ನೋಯುತ್ತದೆ. ಎರಡೂ ಮಸೂರ ಉಬ್ಬಿಕೊಂಡಿರುವುದರಿಂದ ಮರಳಿಗೆ ಗೀರು ಬೀಳುವ ಭಯ ಬೇರೆ. ಒಂದು ಮಸೂರದ ಮೇಲೆ ಹನಿ ನಿಂತರೂ ಹೊಲಿಗೆ ಕೆಡುತ್ತದೆ.

ಬಾಯಿ

ಹೊಸದಾಗಿ ಮೌಂಟ್ ಮಾಡುವವರಿಗೆ ನಾನು ಮೊದಲು ಸೂಚಿಸುವುದು ಇದನ್ನು. ಬಾಯಿ ತೆರೆದರೆ ಮುಗಿಯಿತು, ಬಿದ್ದುಹೋಗುತ್ತದೆ. ಜಿಪ್ ಟೈ, ತಕ್ಕಡಿ ಯಾವುದರ ಲೆಕ್ಕವೂ ಬೇಡ. ದೃಶ್ಯವೂ ಕಣ್ಣಿನ ಮಟ್ಟದ್ದೇ: ಬಾರ್, ಎರಡೂ ಕೈ, ಮಂಡಿ, ಬೋರ್ಡಿನ ಮೂತಿ, ಮುಂದಿನ ನೀರು. ನೋಡುವವರಿಗೆ ತಾವೇ ಸವಾರಿ ಮಾಡುತ್ತಿರುವಂತೆ ಅನ್ನಿಸುವುದು ಈ ಕೋನದಲ್ಲೇ.

ಮಾಡುವ ಬಗೆ ಹೀಗೆ. ಈಜುವವರು ಬಳಸುವ ಸ್ನಾರ್ಕೆಲ್‌ನ ಸಿಲಿಕೋನ್ ಬಾಯಿತುಂಡು ತೆಗೆದುಕೊಳ್ಳಿ. ಅದರ ನಡುವೆ ತೂತು ಇರುವುದೇ ದೊಡ್ಡ ಅನುಕೂಲ. ಕಚ್ಚಿ ಹಿಡಿದೂ ಬಾಯಿಂದ ಉಸಿರಾಡಬಹುದು. ಬಾಕ್ಸಿಂಗ್‌ನವರ ಹಲ್ಲುಕವಚವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ತೆಗೆದರೆ ಹಿಡಿತ ಇನ್ನೂ ಚೆನ್ನ, ಆದರೆ ಉಸಿರೆಲ್ಲ ಮೂಗಿನಿಂದಲೇ ಆಗಬೇಕು. ಉಪ್ಪುನೀರು ಎರಚುವಲ್ಲಿ ಅದು ಕಷ್ಟ. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯಿಂದ ಅಂಗೈ ಅಗಲದ ತುಂಡು ಕತ್ತರಿಸಿ, ನಡುವೆ ತೂತು ಮಾಡಿ, ಬಾಯಿತುಂಡಿನ ಕತ್ತನ್ನು ಅದರೊಳಗೆ ತೂರಿಸಿ ಆಚೆಯಿಂದ ಟೈ ಬಿಗಿಯಿರಿ. ತಟ್ಟೆಯ ಕೆಳಗಡೆ ಕ್ಯಾಮೆರಾದ ಕಾಲು, ಮೇಲ್ಗಡೆ ಫೋಮ್. ತೂಕ ಹಲ್ಲಿಗೆ ಎಷ್ಟು ಹತ್ತಿರವಿದ್ದರೆ ದವಡೆಗೆ ಅಷ್ಟು ಆರಾಮ. ಕ್ಯಾಮೆರಾದ ಮೂತಿ ಒಂಚೂರು ಮೇಲಕ್ಕಿರಲಿ. ಸವಾರಿ ಮಾಡುವಾಗ ಗದ್ದ ತಗ್ಗಿರುತ್ತದೆ, ನೆಟ್ಟಗೆ ಕೂರಿಸಿದರೆ ಬರೀ ಬೋರ್ಡ್ ಕಾಣುತ್ತದೆ.

ಅಪಾಯ ಹಲ್ಲಿಗೆ. ಮುಖ ಮುಂದಾಗಿ ಬಿದ್ದರೆ ನೀರು ತಟ್ಟೆಯನ್ನು ಹಲ್ಲಿನ ಮೇಲೆ ಒತ್ತುತ್ತದೆ. ಬೀಳುತ್ತೇನೆ ಅನ್ನಿಸಿದ ಕೂಡಲೇ ಉಗುಳುವುದನ್ನು ದಡದಲ್ಲಿ ನಿಂತು ಅಭ್ಯಾಸ ಮಾಡಿ, ಅದು ಯೋಚನೆಯಿಲ್ಲದೆ ಆಗಬೇಕು. ಹಲ್ಲಿಗೆ ತಂತಿ ಹಾಕಿಸಿಕೊಂಡವರು, ಮುಂದಿನ ಹಲ್ಲಿಗೆ ಕ್ಯಾಪ್ ಇರುವವರು ಇದನ್ನು ಬಿಟ್ಟುಬಿಡಿ. ಇನ್ನೊಂದು ಕೊರತೆ, ಬಾಯಲ್ಲಿ ಇದಿದ್ದಾಗ ಕೂಗಲು ಆಗುವುದಿಲ್ಲ. ಎದುರು ಬರುವವರಿಗೆ ದಾರಿಯ ಬಗ್ಗೆ ಎಚ್ಚರಿಸಬೇಕಾದ ಜನಜಂಗುಳಿಯಲ್ಲಿ ಬಳಸಬೇಡಿ. ಬಿದ್ದದ್ದು ದೂರ ಹೋಗದಿರಲು ಕುತ್ತಿಗೆಗೆ ಸರದಂತೆ ದಾರ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಇಂಪ್ಯಾಕ್ಟ್ ವೆಸ್ಟ್‌ನ (ಹೊಡೆತ ತಡೆಯುವ ಮೆತ್ತೆಯ ಅಂಗಿ) ಎದೆಯ ಕೊಂಡಿಗೆ ತೆಳು ರಬ್ಬರ್ ಬ್ಯಾಂಡ್ ಮೂಲಕ ಕಟ್ಟಿ, ಎಳೆದರೆ ಹರಿಯುವಂತಿರಲಿ.

ತಲೆ ತಿರುಗಿದ ಕಡೆಯೆಲ್ಲ ಚಿತ್ರ ತಿರುಗುವುದು ಹೆಲ್ಮೆಟ್‌ನಲ್ಲೂ ಇಲ್ಲೂ ಒಂದೇ. ದಿಕ್ಕು ಬದಲಿಸುವಾಗ ಪ್ರತಿ ಸಲ ಕೈಟ್ ಕಡೆ ತಲೆಯೆತ್ತುವವರ ಚಿತ್ರದಲ್ಲಿ ಅರ್ಧ ಆಕಾಶವೇ ಇರುತ್ತದೆ. ಕ್ಯಾಮೆರಾದೊಳಗಿನ ಸ್ಥಿರೀಕರಣ ನಡುಕ ತೆಗೆಯುತ್ತದೆ, ದಿಕ್ಕು ಸರಿಮಾಡುವುದಿಲ್ಲ.

ಎದೆ, ಮಣಿಕಟ್ಟು, ಸೊಂಟ

ಎದೆಪಟ್ಟಿ ಸೈಕಲ್‌ಗೆ ಬಹಳ ಒಳ್ಳೆಯದು, ಕೈಟ್‌ಗೆ ಅಲ್ಲ. ಬಾರ್ ಎದೆಯ ಮುಂದೆಯೇ ಹಿಂದೆಮುಂದೆ ಆಡುವುದರಿಂದ ಚಿತ್ರದ ತುಂಬ ಬಾರ್ ಮತ್ತು ಮೊಣಕೈ. ಮಣಿಕಟ್ಟಿನದು ನೆಟ್ಟಗೆ ನಿಲ್ಲುವುದೇ ಇಲ್ಲ. ಒಂದು ಕೈ ಬಿಟ್ಟು ಬೋರ್ಡ್ ಹಿಡಿದು ಜಿಗಿಯುವ ಎರಡು ಸೆಕೆಂಡ್ ಮಾತ್ರ ಚೆನ್ನಾಗಿ ಬರುತ್ತದೆ.

ಹಾರ್ನೆಸ್ಸಿನ ಕೊಕ್ಕೆಯ ಪಟ್ಟಿಗೆ ಸಣ್ಣ ತೋಳು ಸಿಕ್ಕಿಸಿ ಕೆಳಗಿನಿಂದ ಮುಖ ಕಾಣುವಂತೆ ಮಾಡುವುದನ್ನು ನಾನು ಖಂಡಿತ ಬೇಡವೆನ್ನುತ್ತೇನೆ. ಬಾರನ್ನು ಹಾರ್ನೆಸ್ಸಿನ ಕೊಕ್ಕೆಗೆ ಸಿಕ್ಕಿಸುವ ಬಳೆಯಾದ ಚಿಕನ್ ಲೂಪ್, ಕ್ವಿಕ್ ರಿಲೀಸ್ ಎರಡೂ ಅಲ್ಲೇ ಇರುವುದು. ಗಾಬರಿಯಲ್ಲಿ, ಕಣ್ಣಿಗೆ ನೀರು ಎರಚಿದಾಗ, ಕೈ ತಾನೇ ಹೋಗಿ ಅದನ್ನು ಹಿಡಿಯಬೇಕು. ಅದರ ಸುತ್ತ ಒಂದು ಗೇಣಿನೊಳಗೆ ಹೊರಗಿನ ಯಾವ ವಸ್ತುವೂ ಇರಬಾರದು.

ಬೆನ್ನಿನ ಕೋಲು

ನೋಡಿದವರೆಲ್ಲ ಆಸೆಪಡುವ ದೃಶ್ಯ ಇದು. ಹೆಗಲಿನಿಂದ ಮೇಲೆ ಹಿಂದೆ ನಿಂತ ಕ್ಯಾಮೆರಾ. ಚಿತ್ರದಲ್ಲಿ ನಿಮ್ಮ ತಲೆ, ಬೆನ್ನು, ಬಾರ್, ದೂರದಲ್ಲಿ ಕೈಟ್ ಎಲ್ಲವೂ ಒಟ್ಟಿಗೆ. ಡ್ರೋನ್ ಹಿಂಬಾಲಿಸಿದಂತೆ. ಮನೆಯಲ್ಲಿ ಮಾಡುವವರ ಉತ್ಸಾಹ ಹೆಚ್ಚು ಖರ್ಚಾಗುವುದೂ ಇದರ ಮೇಲೆಯೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಜಾಗ್ರತೆ ಬೇಡುವುದೂ ಇದೇ.

ಲೆಕ್ಕ ನೋಡಿದರೆ ಕ್ಯಾಮೆರಾಗಿಂತ ಕೋಲೇ ಅಪಾಯ. ಹೆಗಲ ಮೇಲೆ 60 ಸೆಂ.ಮೀ. ಎದ್ದ, 20 ಮಿ.ಮೀ. ದಪ್ಪದ ಪೈಪ್ ಎಂದರೆ ನೀರಿಗೆ ಅಡ್ಡವಾಗುವ ವಿಸ್ತೀರ್ಣ 120 ಚದರ ಸೆಂ.ಮೀ. ಗೋಪ್ರೊ ಮುಖದ ಮೂರು ಪಟ್ಟಿಗೂ ಹೆಚ್ಚು. 30 ಕಿ.ಮೀ. ವೇಗದಲ್ಲಿ ಬೆನ್ನು ಮುಂದಾಗಿ ಬಿದ್ದು ಅದಿಡೀ ನೀರಿಗೆ ಸಿಕ್ಕರೆ ಎಳೆತ 40 ಕಿಲೋ ದಾಟುತ್ತದೆ. ಅದಷ್ಟೂ ಸೊಂಟ, ಬೆನ್ನಿನ ಮೇಲೆ ಸನ್ನೆಕೋಲಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಇಲ್ಲಿ ತೆಳ್ಳಗಿನ ಕೋಲಿಗೇ ಬೆಲೆ. 10 ಮಿ.ಮೀ. ಫೈಬರ್‌ಗ್ಲಾಸ್ ಸಲಾಕೆ ಹಾಕಿದರೆ ಎಳೆತ ಅರ್ಧಕ್ಕಿಳಿಯುತ್ತದೆ, ಬಾಗುವುದರಿಂದ ಹೊಡೆತವೂ ಹಂಚಿಹೋಗುತ್ತದೆ. ಆದರೆ ಬಾಗುವ ಕೋಲು ನಡುಗುತ್ತದೆ, ನಡುಕ ಚಿತ್ರಕ್ಕೆ ಬರುತ್ತದೆ. ಹಳೆಯ ಗಾಳದ ಕೋಲಿನ ದಪ್ಪ ತುದಿಯ ತುಂಡು ಇವೆರಡರ ನಡುವಿನ ಒಳ್ಳೆಯ ರಾಜಿ. ಕಾರ್ಬನ್ ಕೋಲು ಹಗುರ, ಗಟ್ಟಿ ನಿಜ. ಮುರಿದರೆ ಮಾತ್ರ ಚೂಪು ಸಿಬಿರು ಏಳುತ್ತದೆ.

ಪಿವಿಸಿ ಕಂಡ್ಯೂಟ್ ಪೈಪಿಗೆ ಒಂದು ಗುಣವಿದೆ. ಎರಡೂ ತುದಿಗೆ ಮುಚ್ಚಳ ಹಾಕಿ ಪಿವಿಸಿ ಸಿಮೆಂಟ್‌ನಿಂದ ಬೆಸೆದರೆ 60 ಸೆಂ.ಮೀ. ಪೈಪಿನೊಳಗಿನ ಗಾಳಿಯೇ ತೇಲಿಸುತ್ತದೆ. ಪೈಪಿನ ತೂಕ ಕಳೆದು ಸುಮಾರು 100 ಗ್ರಾಂ ಎತ್ತುವ ಶಕ್ತಿ ಉಳಿಯುತ್ತದೆ, ಕ್ಯಾಮೆರಾಕ್ಕೆ ಬೇಕಾದ್ದಕ್ಕಿಂತ ಹೆಚ್ಚು. ಬೇರೆ ಫೋಮ್ ಬೇಡ. ದಪ್ಪದ ದೋಷ ಮಾತ್ರ ಉಳಿದೇ ಉಳಿಯುತ್ತದೆ.

ಕೂರಿಸುವ ಕ್ರಮದಲ್ಲಿ ಎರಡು ನಿಯಮ ಬಿಡಬೇಡಿ. ಬೆನ್ನುಮೂಳೆಯ ನೇರಕ್ಕೆ ಲೋಹವಾಗಲಿ ಗಟ್ಟಿ ಗೂಟವಾಗಲಿ ಬರಬಾರದು. ಬೆನ್ನಡಿಯಾಗಿ ಬಿದ್ದರೆ ಅದೇ ನಾಟುತ್ತದೆ. ಮಣೆಯ ಪ್ಲಾಸ್ಟಿಕ್‌ನಿಂದ 30×20 ಸೆಂ.ಮೀ. ತಟ್ಟೆ ಮಾಡಿ, ಅಂಚು ದುಂಡಗೆ ಉಜ್ಜಿ, ಇಂಪ್ಯಾಕ್ಟ್ ವೆಸ್ಟ್‌ನ ಹೊರಮೈಗೆ ಪಟ್ಟಿಗಳಿಂದ ಕಟ್ಟಿ, ಕೋಲಿನ ಗೂಡನ್ನು ಮೂಳೆಯಿಂದ ಪಕ್ಕಕ್ಕೆ, ಭುಜದ ಹಲಗೆಯ ಕಡೆ ಇಡಿ. ಬ್ಯಾಗ್ ಹೊಲಿಯುವವರ ಬಳಿ ಕೊಟ್ಟರೆ 38 ಮಿ.ಮೀ. ಪಟ್ಟಿಯನ್ನು ಅಡ್ಡ ಹೊಲಿಗೆ ಹಾಕಿ ಗಟ್ಟಿಯಾಗಿ ಹೊಲಿದುಕೊಡುತ್ತಾರೆ. ಪಾಲಿಯೆಸ್ಟರ್ ಪಟ್ಟಿ ಕೇಳಿ, ನೈಲಾನ್ ನೆನೆದರೆ ಹಿಗ್ಗುತ್ತದೆ. ಎರಡನೆಯ ನಿಯಮ, ಕೋಲು ಗೂಡಿನಲ್ಲಿ ಸಡಿಲವಾಗಿ ಕೂತು ಟೈ ಒಂದರಿಂದಲೇ ನಿಲ್ಲಬೇಕು. ಎಳೆದರೆ ಟೈ ಹರಿದು ಕೋಲು ಇಡಿಯಾಗಿ ಹೊರಬಂದು ತೇಲಬೇಕು.

ಇಷ್ಟೆಲ್ಲ ಮಾಡಿದರೂ ಕೈಟ್‌ಲೂಪ್ (ಕೈಟನ್ನು ಗಾಳಿಯಲ್ಲಿ ಒಂದು ಸುತ್ತು ಸುತ್ತಿಸುವ ವರಸೆ) ಕಲಿಯುವಾಗ, ಅಲೆಗಳಲ್ಲಿ, ಗಾಳಿ ಬಿಟ್ಟುಬಿಟ್ಟು ಬೀಸುವ ದಿನ ಇದನ್ನು ಹಾಕಿಕೊಳ್ಳಬಾರದು. ದಾರ ಮೇಲಿಂದ ಬಿದ್ದರೆ ಮೊದಲು ಸಿಗುವುದೇ ಈ ಕೋಲು.

ದಾರದ ಮೇಲೆ

ಬೆನ್ನಿನ ಕೋಲಿನದೇ ಬಗೆಯ ದೂರದ ನೋಟ ಬೇಕು, ಮೈಮೇಲೆ ಏನೂ ಬೇಡ ಎನ್ನುವವರಿಗೆ ಲೈನ್ ಮೌಂಟ್. ಬಾರ್‌ನಿಂದ ಒಂದೆರಡು ಮೀಟರ್ ಮೇಲೆ, ಮುಂದಿನ ಎರಡು ದಾರಗಳಿಗೆ ಕ್ಯಾಮೆರಾ ಸಿಕ್ಕಿಸಿ ಕೆಳಗೆ ಸವಾರನ ಕಡೆ ತಿರುಗಿಸುವುದು. ಕೈಟ್ ತಿರುಗಿಸುವ ಕೆಲಸ ಮಾಡುವುದು ಹಿಂದಿನ ದಾರಗಳು. ಮುಂದಿನವು ಭಾರ ಹೊತ್ತು ಬಿಗಿಯಾಗಿರುವುದರಿಂದ ಕ್ಯಾಮೆರಾ ಅಲುಗುವುದು ಕಡಿಮೆ. ಮುಖ, ಬಾರ್, ಬೋರ್ಡ್, ಹಿಂದಿನ ನೀರು ಎಲ್ಲ ಬರುತ್ತದೆ. ಜಿಗಿತಕ್ಕೆ ಇದಕ್ಕಿಂತ ಒಳ್ಳೆಯ ಕೋನವನ್ನು ನಾನು ನೋಡಿಲ್ಲ.

ಮಾಡುವುದಕ್ಕೆ ಎರಡು ಪ್ಲಾಸ್ಟಿಕ್ ತುಂಡು, ನಡುವೆ ದಾರ ಕೂರುವ ತೋಡು, ತೋಡಿಗೆ ಹಳೆಯ ಸೈಕಲ್ ಟ್ಯೂಬಿನ ಪದರ, ಬಿಗಿಯಲು ಎರಡು ರೆಕ್ಕೆನಟ್ಟು. ತೋಡಿನ ಬಾಯಿಯನ್ನು ಮರಳುಕಾಗದದಿಂದ ಪೂರಾ ದುಂಡಗೆ ಮಾಡಬೇಕು. ಡೈನೀಮಾ ಎಳೆತಕ್ಕೆ ಎಷ್ಟು ಗಟ್ಟಿಯೋ ಉಜ್ಜಾಟದ ಬಿಸಿಗೆ ಅಷ್ಟು ಮೆದು. 150 ಡಿಗ್ರಿ ತಲುಪುವ ಮುಂಚೆಯೇ ಕರಗತೊಡಗುತ್ತದೆ. ಚೂಪು ಅಂಚು ತಾಗಿದ ದಾರ ಮೇಲ್ನೋಟಕ್ಕೆ ಚೆನ್ನಾಗಿದ್ದು ಜಿಗಿತದ ನಡುವೆ ಹರಿಯಬಹುದು.

ಇದರ ನಿಜವಾದ ಪ್ರಶ್ನೆ ಬೇರೆಡೆ ಇದೆ. ಇವತ್ತಿನ ಹೆಚ್ಚಿನ ಬಾರ್‌ಗಳಲ್ಲಿ ಕ್ವಿಕ್ ರಿಲೀಸ್ ಎಳೆದಾಗ ಕೈಟ್ ಮುಂದಿನ ಒಂದೇ ದಾರದ ಮೇಲೆ ನಿಂತು ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕಾಗಿ ಬಾರ್ ಆ ದಾರದುದ್ದಕ್ಕೂ ಹಲವು ಮೀಟರ್ ಮೇಲಕ್ಕೆ ಜಾರಿಹೋಗಬೇಕು. ನೀವು ಎರಡು ದಾರಗಳನ್ನು ಒಟ್ಟಿಗೆ ಬಿಗಿದಿದ್ದರೆ ಬಾರ್ ಅಲ್ಲೇ ತಡೆದು ನಿಲ್ಲಬಹುದು. ಕೈಟ್ ಸತ್ತಂತೆ ಬೀಳುವ ಬದಲು ಎಳೆಯುತ್ತಲೇ ಇರುತ್ತದೆ. ನಿಮ್ಮ ಬಾರ್ ಯಾವ ಬಗೆಯದು, ದಾರಗಳು ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ನೋಡಿ. ಆಮೇಲೆ ದಡದಲ್ಲಿ ಕೈಟ್ ಇಲ್ಲದೆ ದಾರಗಳನ್ನು ಹರಡಿ, ಆಚೆ ತುದಿಯಲ್ಲಿ ಒಬ್ಬರು ಹಿಡಿದು, ರಿಲೀಸ್ ಎಳೆದು, ಬಾರ್ ಮೌಂಟ್ ದಾಟಿ ಜಾರುತ್ತದೆಯೇ ಎಂದು ಪರೀಕ್ಷಿಸಿ. ದಾಟದಿದ್ದರೆ ಆ ಬಾರ್‌ಗೆ ಲೈನ್ ಮೌಂಟ್ ಬೇಡ, ಅಥವಾ ಸುರಕ್ಷತೆಯ ದಾರವನ್ನು ಪೂರ್ತಿ ಬಿಟ್ಟು ಇನ್ನೊಂದಕ್ಕೆ ಮಾತ್ರ ಕಟ್ಟುವ ವಿನ್ಯಾಸ ಹುಡುಕಿ, ಮತ್ತೆ ಅದೇ ಪರೀಕ್ಷೆ ಮಾಡಿ. ಈ ಪರೀಕ್ಷೆ ಮಾಡದೆ ನೀರಿಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ.

ಕೈಟ್ ನೀರಿನಲ್ಲಿ ಬಿದ್ದಾಗ ಕ್ಯಾಮೆರಾದ ತೂಕ ದಾರವನ್ನು ಕೆಳಗೆಳೆದು ಮತ್ತೆ ಎಬ್ಬಿಸುವುದನ್ನು ಕಷ್ಟ ಮಾಡುತ್ತದೆ. ಹಾಗಾಗಿ ಇಲ್ಲೂ ಫೋಮ್ ಬೇಕು.

ಸಾಮಾನು ತರುವಾಗ

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಸುತ್ತಮುತ್ತ ಒಂದು ಮಧ್ಯಾಹ್ನ ಓಡಾಡಿದರೆ ಬೇಕಾದ್ದೆಲ್ಲ ಸಿಗುತ್ತದೆ. ಗೋಪ್ರೊ ಮಾದರಿಯ ಕಾಲಿಗೆ ಎಂ5 ಬೋಲ್ಟ್, ಟ್ರೈಪಾಡ್ ತೂತಿಗೆ ಕಾಲು ಇಂಚಿನ ಸ್ಕ್ರೂ. ಸ್ಟೇನ್‌ಲೆಸ್ ಎಂದಷ್ಟೇ ಕೇಳಿದರೆ 304 ಕೊಡುತ್ತಾರೆ. ಉಪ್ಪುನೀರಿಗೆ 316 ಕೇಳಿ. ಬಿಳಿ ಲೇಪದ ಸಾದಾ ಬೋಲ್ಟ್ ನಾಲ್ಕು ದಿನಕ್ಕೆ ತುಕ್ಕು ಹಿಡಿಯುತ್ತದೆ. ನಟ್ಟು ನೈಲಾಕ್ ಆಗಿರಲಿ, ನಡುಕಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಹೆಚ್ಚುವ ಮಣೆಯ ಪ್ಲಾಸ್ಟಿಕ್ ಸಾಮಾನ್ಯವಾಗಿ ಎಚ್‌ಡಿಪಿಇ. ಹ್ಯಾಕ್ಸಾದಲ್ಲಿ ಬೆಣ್ಣೆಗಿಂತ ಸ್ವಲ್ಪವೇ ಗಟ್ಟಿ ಅನ್ನಿಸುವಷ್ಟು ಸಲೀಸು, ನೀರಲ್ಲಿ ತೇಲುತ್ತದೆ, ಬಿರಿಯುವುದಿಲ್ಲ. ಆದರೆ ಅದಕ್ಕೆ ಅರಾಲ್ಡೈಟ್, ಎಂ-ಸೀಲ್, ವಿಎಚ್‌ಬಿ ಯಾವುದೂ ಹಿಡಿಯುವುದಿಲ್ಲ. ಅಂಟಿಸುವ ತಟ್ಟೆಗೆ ಎಬಿಎಸ್ ಅಥವಾ ಅಕ್ರಿಲಿಕ್, ಬೋಲ್ಟ್ ಮತ್ತು ಟೈ ಹಾಕುವ ತಟ್ಟೆಗೆ ಎಚ್‌ಡಿಪಿಇ ಎಂದು ವಿಂಗಡಿಸಿಕೊಳ್ಳಿ. 3ಡಿ ಪ್ರಿಂಟ್ ಮಾಡಿಸುವವರು ಪಿಎಲ್‌ಎ ಬಿಡಿ. ಅದು 55-60 ಡಿಗ್ರಿಗೇ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಸಾಕು. ಪಿಇಟಿಜಿ ವಾಸಿ, ಬಿಸಿಲು ತಡೆಯುವುದರಲ್ಲಿ ಎಎಸ್‌ಎ ಇನ್ನೂ ವಾಸಿ. ಎಳೆತ ಪದರಗಳನ್ನು ಬಿಡಿಸುವ ದಿಕ್ಕಿಗೆ ಬೀಳದಂತೆ ಮಲಗಿಸಿ ಪ್ರಿಂಟ್ ಮಾಡಿಸಬೇಕು.

ಮಸೂರದ ಮೇಲಿನ ಹನಿಗೆ ದುಬಾರಿ ದ್ರಾವಣ ಬೇಡ. ಒಣಗಿದ ಗಾಜಿನ ಮೇಲೆ ನೀರು ಹನಿಯಾಗಿ ನಿಲ್ಲುತ್ತದೆ, ಎಂಜಲು ಸವರಿದ ಗಾಜಿನ ಮೇಲೆ ತೆಳು ಪದರವಾಗಿ ಹರಡುತ್ತದೆ. ಸರ್ಫಿಂಗ್ ಛಾಯಾಗ್ರಾಹಕರು ನೆಕ್ಕಿ ಒದ್ದೆ ಮಾಡುವುದು ಇದಕ್ಕೇ. ಟಚ್‌ಸ್ಕ್ರೀನ್ ಲಾಕ್ ಮಾಡಿಯೇ ಇಳಿಯಿರಿ, ನೀರು ತಾಗಿ ಸೆಟ್ಟಿಂಗ್ ಬದಲಾಗುವುದು ಸಾಮಾನ್ಯ.

ಯಾರಿಗೆ ಯಾವುದು

ಇನ್ನೂ ನೀರಿನಿಂದ ಎದ್ದು ನಿಲ್ಲುವುದನ್ನು ಕಲಿಯುತ್ತಿರುವವರಿಗೆ ಯಾವ ಮೌಂಟೂ ಬೇಡ. ಆ ಹಂತದಲ್ಲಿ ದಾರ ಸಡಿಲಾಗುವುದೂ ಬೀಳುವುದೂ ತೀರ ಹೆಚ್ಚು. ದಡದಲ್ಲಿ ಟ್ರೈಪಾಡ್ ನಿಲ್ಲಿಸಿದರೆ ತಪ್ಪು ತಿದ್ದಿಕೊಳ್ಳಲೂ ಅದೇ ಹೆಚ್ಚು ಉಪಯೋಗ, ಕೈಟ್ ಮತ್ತು ಮೈ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ.

ಎರಡೂ ಕಡೆಗೆ ಸರಾಗವಾಗಿ ಹೋಗಿ ಹೊರಟ ಜಾಗಕ್ಕೇ ಮರಳಬಲ್ಲವರು ಬಾಯಿಯ ಮೌಂಟ್‌ನಿಂದ ಶುರುಮಾಡಿ. ಜಿಗಿತ ಶುರುವಾದ ಮೇಲೆ ಲೈನ್ ಮೌಂಟ್, ಮೇಲಿನ ಪರೀಕ್ಷೆಯಲ್ಲಿ ನಿಮ್ಮ ಬಾರ್ ಪಾಸಾದರೆ. ಪಾಸಾಗದಿದ್ದರೆ ಹೆಲ್ಮೆಟ್, ಚಿಕ್ಕ ಕ್ಯಾಮೆರಾ, 2.5 ಮಿ.ಮೀ. ಟೈ. ಬೆನ್ನಿನ ಕೋಲನ್ನು ವರ್ಷಗಟ್ಟಲೆ ಸವಾರಿ ಮಾಡಿ ಬೀಳುವುದು ಅಪರೂಪವಾದವರಿಗೆ ಬಿಡೋಣ. ಅವರಿಗೂ ಅಲೆಯಿಲ್ಲದ ನೀರು, ಒಂದೇ ಸಮನೆ ಬೀಸುವ ಗಾಳಿ, ಹತ್ತಿರದಲ್ಲೊಬ್ಬ ಜೊತೆಗಾರ ಇರಬೇಕು. ಕನ್ನಡದವರಿಗೆ ರಾಮೇಶ್ವರ ಇದಕ್ಕೆ ಹೇಳಿಮಾಡಿಸಿದ ಜಾಗ: ಬೆಂಗಳೂರಿನಿಂದ ಸುಮಾರು 600 ಕಿ.ಮೀ., ಬೇಸಿಗೆಯಿಂದ ಮಳೆಗಾಲದವರೆಗೆ ನೈಋತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ, ಆಳವಿಲ್ಲದ ಸಪಾಟು ನೀರು. ಕಳಚಿ ಬಿದ್ದ ಕ್ಯಾಮೆರಾವನ್ನು ನಡೆದುಹೋಗಿ ಎತ್ತಿಕೊಂಡು ಬರಬಹುದು.

ಯಾವುದನ್ನೇ ಮಾಡಿದರೂ ಮೊದಲ ದಿನ ಅಸಲಿ ಕ್ಯಾಮೆರಾ ಹಾಕಬೇಡಿ. ಅದೇ ಗಾತ್ರದ ಸೋಪಿನ ಡಬ್ಬಿಗೆ ಮರಳು ತುಂಬಿ, ತಕ್ಕಡಿಯಲ್ಲಿ 154 ಗ್ರಾಂಗೆ ತಂದು, ಟೇಪ್ ಸುತ್ತಿ, ಮೌಂಟ್‌ನಲ್ಲಿ ಕೂರಿಸಿ ಒಂದು ಸವಾರಿ ಮಾಡಿ, ಬೇಕೆಂದೇ ನಾಲ್ಕಾರು ಸಲ ಬಿದ್ದು ನೋಡಿ. ಟೈ ಎಲ್ಲಿ ಹರಿಯಿತು, ಡಬ್ಬಿ ತೇಲಿತೇ, ತಟ್ಟೆಯ ಅಂಚು ಎಲ್ಲಾದರೂ ಚರ್ಮ ಕೆಂಪಗೆ ಮಾಡಿದೆಯೇ ಎಂದು ದಡಕ್ಕೆ ಬಂದು ನೋಡಿಕೊಳ್ಳಿ. ಸವಾರಿ ಮುಗಿದ ಪ್ರತಿ ಸಲ ಎಲ್ಲವನ್ನೂ ಸಿಹಿನೀರಿನಲ್ಲಿ ಅದ್ದಿಡಿ, ಹರಿಯದಿದ್ದರೂ ಟೈ ಕತ್ತರಿಸಿ ಹೊಸದು ಹಾಕಿ. ಬಿಸಿಲು ತಿಂದ ನೈಲಾನ್ ಎಷ್ಟು ಕಿಲೋಗೆ ಬಿಡುತ್ತದೆ ಎಂದು ಹೇಳಲಾಗುವುದಿಲ್ಲ.